ಲೆಕ್ಕಕ್ಕಿಲ್ಲದ ಎರಡು ಗಂಟೆ

ಕಳೆದ ವರ್ಷ ಮಗಳಿಗೆ ಕನ್ನಡಕ ಬಂತು. ಎಂಟು ವರ್ಷಕ್ಕೇ. ಬೋರ್ಡ್ ಮೇಲಿನ ಅಕ್ಷರ ಕಾಣ್ತಿಲ್ಲ ಅಂತ ಟೀಚರ್ ಡೈರಿಯಲ್ಲಿ ಬರೆದು ಕಳಿಸಿದ್ದರು. ಕಣ್ಣಿನ ಡಾಕ್ಟರ್ ಪರೀಕ್ಷೆ ಮಾಡಿ, ನಂಬರ್ ಬರೆದುಕೊಟ್ಟು, ಕೊನೆಗೆ ಅವಳನ್ನೇ ಕೇಳಿದರು: "ಪುಟ್ಟಾ, ದಿನಾ ಹೊರಗಡೆ ಎಷ್ಟು ಹೊತ್ತು ಆಡ್ತೀಯ?"

ಅವಳು ನನ್ನ ಮುಖ ನೋಡಿದಳು. ಉತ್ತರ ಗೊತ್ತಿಲ್ಲದಾಗ ಪಕ್ಕದವರ ಪೇಪರ್ ಇಣುಕಿ ನೋಡ್ತಾರಲ್ಲ, ಹಾಗೆ. ನನಗೂ ಉತ್ತರ ಗೊತ್ತಿರಲಿಲ್ಲ. ಸೋಮವಾರ, ಬುಧವಾರ ಸಂಗೀತ. ಮಂಗಳವಾರ, ಗುರುವಾರ ಅಬ್ಯಾಕಸ್. ಶನಿವಾರ ಈಜು, ಅದೂ ಸೂರಿನ ಕೆಳಗಿನ ಕೊಳದಲ್ಲಿ. ಶುಕ್ರವಾರ ಒಂದು ಖಾಲಿ ಇತ್ತು. ಅವತ್ತು ಹೋಂವರ್ಕ್ ಜಾಸ್ತಿ.

"ದಿನಕ್ಕೆ ಎರಡು ಗಂಟೆ ಬಯಲಲ್ಲಿ ಬಿಡಿ" ಅಂದರು ಡಾಕ್ಟರ್. ಹೊರಗಿನ ಬೆಳಕು ಜೋರಾಗಿರುತ್ತದೆ. ಅದು ಕಣ್ಣಿನ ಒಳಪರದೆಯಲ್ಲಿ ಡೋಪಮೈನ್ ಬಿಡುಗಡೆಯಾಗುವಂತೆ ಮಾಡುತ್ತದೆ, ಅದರಿಂದ ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದು ದೂರದ್ದು ಮಸುಕಾಗುವ ವೇಗ ತಗ್ಗುತ್ತದೆ ಅನ್ನೋದು ಈಗಿನ ವಿವರಣೆಯಂತೆ. ತೈವಾನ್‌ನಲ್ಲಿ 2010ರಿಂದ ಶಾಲೆಯ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡಬೇಕು ಅಂತ ಒಂದು ಕಾರ್ಯಕ್ರಮವನ್ನೇ ಮಾಡಿದ್ದಾರೆ.

ನಾನು ಶ್ರದ್ಧೆಯ ತಾಯಿ. ಮನೆಗೆ ಬಂದವಳೇ ಫ್ರಿಜ್ ಮೇಲೆ ಒಂದು ಚಾರ್ಟ್ ಅಂಟಿಸಿದೆ. ಫೋನಿನಲ್ಲಿ ಟೈಮರ್ ಇಟ್ಟೆ. ಮೂರು ದಿನ ಮೂರು ಟಿಕ್ ಬಿತ್ತು. ನಾಲ್ಕನೇ ದಿನ ಅಪಾರ್ಟ್‌ಮೆಂಟ್ ಕೆಳಗಿನ ಬೆಂಚಿನ ಮೇಲೆ ಸುಮ್ನೆ ಕೂತಿದ್ದ ಮಗಳು ಕೇಳಿದಳು: "ಅಮ್ಮಾ, 120 ಮುಗೀತಾ? ಒಳಗೆ ಹೋಗ್ಲಾ?"

ನಗು ಬಂತು, ಆಮೇಲೆ ಬೇಜಾರಾಯ್ತು. ನಮ್ಮೂರಿನ ಆಟದ ಮಾತೊಂದು ನೆನಪಾಯ್ತು. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಇವಳದ್ದು ಅದರ ತಿರುಗುಮುರುಗು. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಈ ಮಾತನ್ನು ಈಗ ರಾಜಕಾರಣಿಗಳ ಬಗ್ಗೆ, ಆಫೀಸಿನಲ್ಲಿ ಕೆಲಸವಿಲ್ಲದೆ ಕೂತವರ ಬಗ್ಗೆ ಗೇಲಿಯಾಗಿ ಆಡ್ತೀವಿ. ಅದು ಹುಟ್ಟಿದ್ದು ಮಾತ್ರ ಮಕ್ಕಳ ಆಟದಲ್ಲೇ ಇರಬೇಕು. ಕನಿಷ್ಠ ನಾನು ಮೊದಲು ಕೇಳಿದ್ದು ಅಲ್ಲೇ, ಅದೂ ನನ್ನ ಬಗ್ಗೆಯೇ.

ನಮ್ಮೂರು ತಿಪಟೂರಿನ ಹತ್ತಿರ. ಸುತ್ತ ತೆಂಗಿನ ತೋಟ, ನಡುನಡುವೆ ಅಡಿಕೆ. ನನಗಾಗ ಐದು ವರ್ಷ. ದೊಡ್ಡಪ್ಪನ ಮಗ, ನಾವೆಲ್ಲ ಅಣ್ಣ ಅಂತಿದ್ದವನು, ಬೀದಿಗೇ ನಾಯಕ. ಅವತ್ತು ಲಗೋರಿ. ಚಪ್ಪಟೆ ಕಲ್ಲು ಏಳು ಒಂದರ ಮೇಲೊಂದು. ಚೆಂಡು ಅಂದರೆ ಹಳೇ ಬಟ್ಟೆ ಸುತ್ತಿ, ಮೇಲೆ ಸೈಕಲ್ ಟ್ಯೂಬು ಕತ್ತರಿಸಿದ ರಬ್ಬರ್ ಬಳೆಗಳನ್ನು ಬಿಗಿದದ್ದು. ತಗುಲಿದರೆ ಬೆನ್ನ ಮೇಲೆ ಮುದ್ರೆ ಬೀಳ್ತಿತ್ತು. ನನ್ನನ್ನೂ ಸೇರಿಸ್ಕೊಳ್ಳಿ ಅಂತ ನಾನು ಅತ್ತೆ. ಸೇರಿಸಿಕೊಂಡರೆ ಒಂದು ಕಡೆಗೆ ನಷ್ಟ, ಬಿಟ್ಟರೆ ಅಜ್ಜಿಯಿಂದ ಬೈಗುಳ. ಅಣ್ಣ ಒಂದು ಕ್ಷಣ ಯೋಚಿಸಿ ಸಾರಿದ: "ಆಯ್ತು, ಬರ್ಲಿ. ಇವ್ಳು ಆಟಕ್ಕುಂಟು, ಲೆಕ್ಕಕ್ಕಿಲ್ಲ."

ನನಗೆ ಅರ್ಥವಾಗಿದ್ದು ಮೊದಲರ್ಧ ಮಾತ್ರ.

ಈಗ ಯೋಚಿಸಿದರೆ ಎಷ್ಟು ಚಂದದ ಕಾನೂನು ಅನ್ನಿಸುತ್ತದೆ. ಚಿಕ್ಕ ಮಗುವನ್ನು ಹೊರಗೆ ನಿಲ್ಲಿಸಿಲ್ಲ. ಅದಕ್ಕೋಸ್ಕರ ಆಟದ ಬಿಸಿಯನ್ನೂ ಕಡಿಮೆ ಮಾಡಿಲ್ಲ. ನಾನು ಎಲ್ಲರ ಜೊತೆ ಓಡಬಹುದು, ಕಿರುಚಬಹುದು, ಕಲ್ಲು ಜೋಡಿಸಬಹುದು. ಚೆಂಡು ತಗುಲಿದರೆ ಔಟ್ ಇಲ್ಲ. ಯಾರೂ ಜೋರಾಗಿ ಹೊಡೆಯೋದೂ ಇಲ್ಲ. ಕಳ್ಳಿ ಬೇಲಿಯೊಳಗೆ ಬಿದ್ದ ಚೆಂಡು ತರುವ ಕೆಲಸ ಮಾತ್ರ ಲೆಕ್ಕಕ್ಕಿಲ್ಲದವರದ್ದೇ! ಅದನ್ನು ಯಾವ ದೊಡ್ಡವರೂ ಹೇಳಿಕೊಟ್ಟಿರಲಿಲ್ಲ. ಹನ್ನೊಂದು ವರ್ಷದ ಹುಡುಗನೊಬ್ಬ ನಿಂತ ಜಾಗದಲ್ಲೇ ತೀರ್ಪು ಕೊಟ್ಟಿದ್ದ.

ಇದು ನಮ್ಮಲ್ಲಿ ಮಾತ್ರ ಇರೋದು ಅಂದುಕೊಂಡಿದ್ದೆ. ಬೆಂಗಳೂರಿಗೆ ಬಂದ ಮೇಲೆ ಒಬ್ಬೊಬ್ಬರನ್ನೇ ಕೇಳಿದೆ. ತೆಲುಗಿನವರು ಅಂಥ ಮಗುವನ್ನು 'ಆಟಲೋ ಅರಟಿಪಂಡು' ಅಂತಾರೆ, ಆಟದಲ್ಲಿನ ಬಾಳೆಹಣ್ಣು. ತಮಿಳಿನಲ್ಲಿ 'ಒಪ್ಪುಕ್ಕು ಚಪ್ಪಾಣಿ'. ಮರಾಠಿಯವರದ್ದು 'ಕಚ್ಚಾ ಲಿಂಬೂ', ಇನ್ನೂ ಹಣ್ಣಾಗದ ನಿಂಬೆ. ಬಂಗಾಳಿಗಳದ್ದು ಎಲ್ಲಕ್ಕಿಂತ ಮುದ್ದು, 'ದೂಧ್‌ಭಾತ್', ಹಾಲು ಅನ್ನ. ಈ ಮಕ್ಕಳು ಯಾರೂ ಒಬ್ಬರನ್ನೊಬ್ಬರು ಕೇಳಿ ಈ ನಿಯಮ ಮಾಡಿದವರಲ್ಲ. ಚಿಕ್ಕ ತಮ್ಮ ತಂಗಿಯರು ಹಿಂದೆ ಬಂದು ಅಳುವ ಕಷ್ಟ ಎಲ್ಲ ಊರಿನಲ್ಲೂ ಒಂದೇ ಅಲ್ವಾ!

ನಮ್ಮ ಬೇಸಿಗೆಯ ಆಟಗಳಿಗೆ ಸಾಮಾನು ಅಂತ ಕೊಂಡದ್ದು ಕಮ್ಮಿ. ತೆಂಗಿನ ಮಟ್ಟೆ ಬ್ಯಾಟು. ಉದುರಿದ ಅಡಿಕೆ ಹಾಳೆ ಗಾಡಿ, ಒಬ್ಬರು ಕೂರೋದು, ಇಬ್ಬರು ಎಳೆಯೋದು. ಚಡ್ಡಿ ಹರಿದರೆ ಮನೆಯಲ್ಲಿ ಏಟು. ಕುಂಟಾಬಿಲ್ಲೆಗೆ ಒಡೆದ ಹೆಂಚಿನ ಚೂರು. ಚೌಕಾಬಾರಕ್ಕೆ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಳ್ಳೋದು. ಬುಗುರಿ ಮತ್ತು ಗೋಲಿಗೆ ಮಾತ್ರ ಜಾತ್ರೆವರೆಗೆ ಕಾಯಬೇಕಿತ್ತು.

ಐಸ್‌ಪೈಸ್ ಆಡೋಕೆ ಅಟ್ಟದಷ್ಟು ಒಳ್ಳೆಯ ಜಾಗ ಇನ್ನೊಂದಿರಲಿಲ್ಲ. ನಮ್ಮ ಕಡೆ ಕೊಬ್ಬರಿಗೆ ಅಂತ ಕಾಯಿಯನ್ನು ಅಟ್ಟಕ್ಕೆ ಏರಿಸಿ ಹೆಚ್ಚುಕಮ್ಮಿ ಒಂದು ವರ್ಷ ಬಿಡ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿ ಆಗುತ್ತದೆ. ಆದಾಗ ಅಲುಗಿಸಿದರೆ ಒಳಗೆ ಗುಡುಗುಡು ಅನ್ನುತ್ತದೆ. ಹೊಸ ಕಾಯಿ ರಾಶಿಯ ಹಿಂದೆ ಅಡಗಿದರೆ ಬಚಾವ್. ಕತ್ತಲಲ್ಲಿ ಗೊತ್ತಾಗದೆ ಹಳೇ ರಾಶಿಯ ಮೇಲೆ ಕಾಲಿಟ್ಟರೆ ಕೊಬ್ಬರಿಯೇ ನಿಮ್ಮನ್ನು ಹಿಡಿದುಕೊಡುತ್ತದೆ. ಯಾವ ರಾಶಿ ಎಷ್ಟು ತಿಂಗಳಿನದು ಅಂತ ತಾತನಿಗಿಂತ ನಮಗೆ ಚೆನ್ನಾಗಿ ಗೊತ್ತಿತ್ತು. ತಾತನಿಗೆ ಈ ವಿಷಯ ಗೊತ್ತಾದ ದಿನ ಅಟ್ಟದ ಏಣಿ ತೆಗೆಸಿದರು.

ಆದರೆ ನೆನಪು ತೆಗೆದು ನೋಡಿದರೆ ಆಟಕ್ಕಿಂತ ಜಾಸ್ತಿ ಕಾಣೋದು ಜಗಳ. ಅರ್ಧ ಸಂಜೆ ಜಗಳಕ್ಕೇ ಹೋಗ್ತಿತ್ತು. ಗೋಲಿ ಗೆರೆ ದಾಟಿತೋ ಇಲ್ಲವೋ. ಕುಂಟುವಾಗ ಇನ್ನೊಂದು ಕಾಲು ನೆಲಕ್ಕೆ ತಾಗಿತೋ ಇಲ್ಲವೋ. ಅರಸೀಕೆರೆಯಿಂದ ಅತ್ತೆ ಮಕ್ಕಳು ಬಂದರಂತೂ ಮುಗೀತು. ನಮ್ಮ ಮನೆಯ ಚೌಕಾಬಾರದಲ್ಲಿ ಎದುರಿನವರ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವ ಹಾಗಿಲ್ಲ. ಅವರ ಮನೆಯಲ್ಲಿ ಹಾಗೇನಿಲ್ಲ. ಯಾರ ನಿಯಮ? ಅಜ್ಜಿಯನ್ನು ಕೇಳಿದರೆ ಎಲೆಅಡಿಕೆ ಜಗಿಯುತ್ತಾ, "ನೀವ್ ನೀವೇ ಬಗೆಹರಿಸ್ಕಳಿ" ಅನ್ನೋರು. ಅವರಿಗೆ ಬೇಸರವೋ ಜಾಣತನವೋ ಗೊತ್ತಿಲ್ಲ. ನಾವು ಕೂಗಾಡಿ, ಠೂ ಬಿಟ್ಟು, ಹತ್ತು ನಿಮಿಷಕ್ಕೆ ಬೇಜಾರಾಗಿ, ಮತ್ತೆ ಕೂತು ಹೊಸ ಒಪ್ಪಂದ ಮಾಡ್ಕೊಳ್ತಿದ್ದೆವು. ಮೊದಲ ಆಟ ನಿಮ್ಮ ಥರ, ಎರಡನೆಯದು ನಮ್ಮ ಥರ.

ಎಷ್ಟೋ ವರ್ಷದ ಮೇಲೆ ಬಿ.ಎಡ್. ಓದುವಾಗ ಪಿಯಾಜೆ ಬಗ್ಗೆ ಪಾಠ ಬಂತು. ಸ್ವಿಟ್ಜರ್ಲೆಂಡಿನ ಈ ಮನಶ್ಶಾಸ್ತ್ರಜ್ಞ ಮಕ್ಕಳಲ್ಲಿ ನ್ಯಾಯದ ಬುದ್ಧಿ ಹೇಗೆ ಬೆಳೆಯುತ್ತೆ ಅಂತ ತಿಳಿಯೋಕೆ ಅಲ್ಲಿನ ಹುಡುಗರ ಜೊತೆ ಗೋಲಿ ಆಡಿಕೊಂಡು ಕೂತಿದ್ದರಂತೆ. 1932ರಲ್ಲಿ ಅದನ್ನು ಪುಸ್ತಕ ಮಾಡಿದರು. ಚಿಕ್ಕ ಮಕ್ಕಳಿಗೆ ನಿಯಮ ಅಂದರೆ ದೊಡ್ಡವರಿಂದಲೋ ದೇವರಿಂದಲೋ ಬಂದದ್ದು, ಮುಟ್ಟಬಾರದ್ದು. ಹತ್ತು ಹನ್ನೊಂದರ ಹೊತ್ತಿಗೆ ಅವರಿಗೆ ಬೇರೆಯದೇ ಹೊಳೆಯುತ್ತದೆ. ನಿಯಮ ಮಾಡಿದವರು ನಮ್ಮಂಥವರೇ, ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು ಅಂತ. ಪಾಠ ಕೇಳುತ್ತಾ ನನಗೆ ಅಜ್ಜಿಯ ಎಲೆಅಡಿಕೆ ನೆನಪಾಗ್ತಿತ್ತು. ಅವತ್ತು ಅವರು ತೀರ್ಪು ಕೊಟ್ಟುಬಿಟ್ಟಿದ್ದರೆ ಜಗಳ ಬೇಗ ಮುಗೀತಿತ್ತು, ನಾವು ಮಾತ್ರ ಒಂದು ಒಪ್ಪಂದ ಮಾಡುವುದನ್ನು ಕಲಿಯುತ್ತಿರಲಿಲ್ಲ. ಈಗ ಮಕ್ಕಳ ಕ್ರಿಕೆಟ್ ಕೋಚಿಂಗಿಗೆ ಹೋಗಿ ನೋಡಿ. ಜಗಳವೇ ಇಲ್ಲ. ಸೀಟಿ ಊದುವವರು ಒಬ್ಬರಿದ್ದಾರೆ. ಕೋಚಿಂಗ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಅಲ್ಲಿ ಬ್ಯಾಟಿಂಗ್ ಚೆನ್ನಾಗಿ ಕಲಿಸ್ತಾರೆ. ಆದರೆ ಅದು ಕ್ಲಾಸು.

ಅದೇ ಪಾಠದಲ್ಲಿ ರಷ್ಯಾದ ವೈಗಾಟ್‌ಸ್ಕಿಯೂ ಇದ್ದರು. ಕೋಲನ್ನು ಕುದುರೆ ಮಾಡಿಕೊಂಡ ಮಗು ಆ ಹೊತ್ತಿಗೆ ತನಗಿಂತ ಒಂದು ತಲೆ ಎತ್ತರ ಇರುತ್ತದೆ ಅನ್ನೋದು ಅವರ ಮಾತು. ಅಡಿಕೆ ಹಾಳೆಯಲ್ಲಿ ಕೂತು ಬೆಂಗಳೂರು ಬಸ್ಸಿನ ಕಂಡಕ್ಟರ್ ಆಗಿ ಎಲೆ ಹರಿದು ಟಿಕೆಟ್ ಕೊಡ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಟ ಅಂದರೆ ಮಕ್ಕಳದ್ದು ಮಾತ್ರ ಅಂತಲೂ ಇಲ್ಲ. ಹಂಪಿಗೆ ಹೋದವರು ಗುಡಿಗಳ ಕಲ್ಲು ಹಾಸಿನ ಮೇಲೆ ಕೆತ್ತಿದ ಮನೆಗಳನ್ನು ನೋಡಿರ್ತೀರಿ. ಹುಲಿ-ಕುರಿ ಆಟದ ಗೆರೆ, ಅಳಿಗುಳಿಯ ಗುಳಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಥೆಯಂತೂ ನನಗೆ ಬಹಳ ಇಷ್ಟ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಾವೇ ತೆಗೆದುಕೊಂಡರು. ಅರಸರು ಉಳಿದರು, ಆಡಳಿತ ಉಳಿಯಲಿಲ್ಲ. 1868ರಲ್ಲಿ ತೀರಿಕೊಳ್ಳುವವರೆಗೂ ಹಾಗೇ. ಆ ವರ್ಷಗಳಲ್ಲಿ ಅವರು ಸಾಹಿತ್ಯ, ಚಿತ್ರಗಳ ಜೊತೆಗೆ ಮಣೆ ಆಟ, ಇಸ್ಪೀಟಿನಂಥ ಎಲೆ ಆಟಗಳಲ್ಲಿ ಮುಳುಗಿದರು. ಹೊಸ ಆಟಗಳನ್ನು ಕಟ್ಟಿದರು. ಅವರು ಮಾಡಿಸಿದ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಅಂತ ಒಂದು ಭಾಗವೇ ಆಟಗಳದ್ದು. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಅವರ ಆಟದ ಪಟಗಳನ್ನು ನೋಡಬಹುದು. ಬ್ರಿಟಿಷರು ಅರಸರಿಗೆ ಹೇಳಿದ್ದು ಅಣ್ಣ ನನಗೆ ಹೇಳಿದ್ದನ್ನೇ ಅಲ್ವಾ? ಸಿಂಹಾಸನಕ್ಕುಂಟು, ಲೆಕ್ಕಕ್ಕಿಲ್ಲ. ಅವರು ಹೋಗಿ ನಿಜವಾಗಿಯೂ ಆಡತೊಡಗಿದರು.

ನನ್ನ ವಿಷಯಕ್ಕೆ ಬರುತ್ತೇನೆ. ಲೆಕ್ಕಕ್ಕಿಲ್ಲದೆ ಮೂರು ಬೇಸಿಗೆ ಆಡಿದೆ. ನಾಲ್ಕನೆಯ ಬೇಸಿಗೆ, ಅದೇ ಲಗೋರಿ, ನಾನು ಬಗ್ಗಿ ಕಲ್ಲು ಜೋಡಿಸ್ತಿದ್ದೆ. ಬೆನ್ನಿಗೆ ಚೆಂಡು ಬಂದು ಬಡಿಯಿತು. ಕಣ್ಣಲ್ಲಿ ನೀರು. ಇಷ್ಟು ಜೋರಾಗಿ ಯಾರೂ ಹೊಡೆದೇ ಇರಲಿಲ್ಲ. ತಿರುಗಿ ನೋಡಿದರೆ ಅಣ್ಣ. ಎಲ್ಲರೂ "ಏ, ಅವ್ಳು ಲೆಕ್ಕಕ್ಕಿಲ್ಲ" ಅಂತ ಕೂಗಿದರು. ಅವನು ಅಂದ: "ಇವತ್ತಿಂದ ಉಂಟು. ಔಟು."

ಬೆನ್ನು ಉರೀತಿತ್ತು. ಅಷ್ಟು ಖುಷಿಯಾಗಿ ನಾನು ಯಾವತ್ತೂ ಔಟಾಗಿಲ್ಲ.

ಆ ಲೆಕ್ಕ ನಾಲ್ಕೂವರೆ ವರ್ಷ ನಡೆಯಿತು. ಹನ್ನೆರಡೂವರೆಗೆ ನಾನು ದೊಡ್ಡವಳಾದೆ. ಹದಿನಾರು ದಿನದ ಶಾಸ್ತ್ರ ಮುಗಿದ ಮೇಲೆ ಬೀದಿಗೆ ಹೊರಟೆ. ಅಜ್ಜಿ ಬಾಗಿಲಲ್ಲೇ ಕೇಳಿದರು, "ಎಲ್ಲಿಗೆ?" ಅಷ್ಟೇ. ಬೈಯಲಿಲ್ಲ. ಹೊರಗೆ ಮರಕೋತಿ ಆಟ ನಡೀತಿತ್ತು. ನನ್ನ ವಯಸ್ಸಿನ ಹುಡುಗರು ಇನ್ನೂ ಮೂರ್ನಾಲ್ಕು ವರ್ಷ ಆ ಹುಣಸೆ ಮರ ಹತ್ತಿದರು. ನಾನು ಜಗುಲಿಯಲ್ಲಿ ಕೂತು ಅಜ್ಜಿಯ ಜೊತೆ ಚೌಕಾಬಾರ ಆಡಿದೆ. ಅಜ್ಜಿ ಸಿಕ್ಕಾಪಟ್ಟೆ ಮೋಸ ಮಾಡೋರು, ಅದೊಂದು ಸಮಾಧಾನ.

ಅದಕ್ಕೇ, 'ನಮ್ಮ ಕಾಲದಲ್ಲಿ ಬಾಲ್ಯ ಹೇಗಿತ್ತು ಗೊತ್ತಾ' ಅನ್ನುವ ವಾಟ್ಸಾಪ್ ಸಂದೇಶಗಳನ್ನು ಓದಿದಾಗ ನನಗೆ ಪೂರ್ತಿ ಒಪ್ಪೋಕಾಗಲ್ಲ. ನಮ್ಮ ಗುಂಪಿನಲ್ಲಿ ಒಬ್ಬಳಿದ್ದಳು. ಕಂಕುಳಲ್ಲಿ ಯಾವಾಗಲೂ ಚಿಕ್ಕ ತಮ್ಮ. ಕುಂಟಾಬಿಲ್ಲೆಯಲ್ಲಿ ಅವಳ ಸರದಿ ಬಂದಾಗ ಅವನನ್ನು ಇನ್ನೊಬ್ಬರ ಕೈಗೆ ಕೊಟ್ಟು, ಕುಂಟಿ, ಮತ್ತೆ ಎತ್ತಿಕೊಳ್ಳೋಳು. ಊರ ಆಚೆಯ ಕೇರಿಯ ಮಕ್ಕಳು ನಮ್ಮ ಬೀದಿಯ ಆಟಕ್ಕೆ ಬರ್ತಿರಲಿಲ್ಲ. ಯಾಕೆ ಬರಲ್ಲ ಅಂತ ನಾವೂ ಕೇಳಲಿಲ್ಲ. ಅಣ್ಣನ ಅಷ್ಟು ಚಂದದ ಕಾನೂನಿನಲ್ಲೂ ಅವರಿಗೆ ಜಾಗ ಇರಲಿಲ್ಲ. ಅವರು ಆಟಕ್ಕೂ ಇಲ್ಲ, ಲೆಕ್ಕಕ್ಕೂ ಇಲ್ಲ.

ಈಗ ಕಾಗದದ ಮೇಲಾದರೂ ಎಲ್ಲ ಮಕ್ಕಳೂ ಇದ್ದಾರೆ. ಆಡುವುದು ಮಗುವಿನ ಹಕ್ಕು ಅಂತ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಅನ್ನುತ್ತದೆ. 2024ರಿಂದ ಜೂನ್ 11 ಅಂತರರಾಷ್ಟ್ರೀಯ ಆಟದ ದಿನ. ನಮ್ಮಲ್ಲಿ ಅಷ್ಟೊತ್ತಿಗೆ ಶಾಲೆ ಶುರುವಾಗಿ ಪುಸ್ತಕಕ್ಕೆ ಬೈಂಡ್ ಹಾಕುವ ಗಲಾಟೆ ಇರುತ್ತದೆ, ಯಾರಿಗೆ ನೆನಪಿರುತ್ತೆ! ಅಮೆರಿಕದ ಮಕ್ಕಳ ವೈದ್ಯರ ಸಂಘ 2018ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎಳೆಯ ಮಕ್ಕಳನ್ನು ತಪಾಸಣೆಗೆ ಕರೆತಂದಾಗ ಆಟಕ್ಕೂ ಒಂದು ಚೀಟಿ ಬರೆದುಕೊಡಿ ಅಂತ ಡಾಕ್ಟರುಗಳಿಗೆ ಹೇಳಿತು.

ಇದೆಲ್ಲ ಬೇಕು. ಇಲ್ಲದಿದ್ದರೆ ಮೈದಾನದ ಜಾಗದಲ್ಲಿ ಕಟ್ಟಡ ಏಳುತ್ತದೆ. ಆದರೆ ಎಲ್ಲದರಲ್ಲೂ ಒಂದು 'ಯಾಕೆಂದರೆ' ಸೇರಿಕೊಂಡುಬಿಡುತ್ತದೆ. ಆಡಲಿ, ಯಾಕೆಂದರೆ ಕಣ್ಣಿಗೆ ಒಳ್ಳೆಯದು. ಆಡಲಿ, ಯಾಕೆಂದರೆ ಮೆದುಳು ಬೆಳೆಯುತ್ತದೆ, ನಾಲ್ಕು ಜನರ ಜೊತೆ ಹೊಂದಿಕೊಳ್ಳೋದು ಕಲಿಯುತ್ತಾರೆ, ಮುಂದೆ ಕೆಲಸಕ್ಕೆ ಬರುತ್ತೆ. ಪಿಯಾಜೆಯನ್ನು ಎಳೆದುತಂದು ನಾನೂ ಅದನ್ನೇ ಮಾಡಿದೆ. ಈ ಲಾಭಗಳೆಲ್ಲ ನಿಜವೇ. ಆದರೆ ಅವು ಕೈಗೆ ಬರೋದು ಆಡುವ ಮಗುವಿಗೆ ಅವುಗಳ ಪರಿವೆ ಇಲ್ಲದಿದ್ದಾಗ. ಅಟ್ಟದ ಮೇಲೆ ಉಸಿರು ಹಿಡಿದು ಕೂತಿದ್ದ ನನಗೆ ಕೊಬ್ಬರಿ ಗುಡುಗುಡು ಅನ್ನಬಾರದು ಅನ್ನೋದು ಬಿಟ್ಟರೆ ಜಗತ್ತಿನಲ್ಲಿ ಇನ್ನೇನೂ ಬೇಕಿರಲಿಲ್ಲ. ಫ್ರಿಜ್ ಮೇಲಿನ ಚಾರ್ಟ್ ಮಗಳಿಂದ ಕಿತ್ತುಕೊಂಡದ್ದು ಅದನ್ನೇ. ಅವಳು ಬೆಂಚಿನ ಮೇಲೆ ಕೂತು ನನ್ನ ಕೆಲಸ ಮಾಡ್ತಿದ್ದಳು.

ಚಾರ್ಟ್ ಕಿತ್ತೆ. ಅಬ್ಯಾಕಸ್ ಬಿಡಿಸಿದೆ. ಈ ಎರಡನೆಯದಕ್ಕೆ ಮನೆಯಲ್ಲಿ ಸಣ್ಣ ಯುದ್ಧವೇ ಆಯ್ತು, ಅದು ಬೇರೆ ಕಥೆ. ಆಮೇಲೆ ಏನೂ ಮಾಡಲಿಲ್ಲ. ಅದೇ ಕಷ್ಟದ್ದು. ಮೊದಲ ವಾರ ಅವಳು "ಬೋರ್" ಅಂತ ಹತ್ತು ಸಲ ಮೇಲೆ ಬಂದಳು. ಆಟ ಹೇಳಿಕೊಡ್ಲಾ ಅಂತ ನನ್ನ ನಾಲಿಗೆ ತುರಿಸ್ತಿತ್ತು. ಅಜ್ಜಿಯ ಹಾಗೆ ಬಾಯಿ ಮುಚ್ಚಿಕೊಂಡಿದ್ದೆ, ಎಲೆಅಡಿಕೆ ಒಂದಿರಲಿಲ್ಲ. ಎರಡನೇ ವಾರ ಹತ್ತು ಸಲ ಆರಾಯ್ತು. ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ 'ಚೆಂಡಿನ ಆಟ ನಿಷೇಧ' ಅಂತ ಬೋರ್ಡ್ ಇದೆ. ಕಾರು ನಿಲ್ಲಿಸುವ ಜಾಗದ ಆಚೆ, ನೀರಿನ ಟ್ಯಾಂಕಿನ ಪಕ್ಕ, ಬೋರ್ಡ್ ಕಾಣದ ಒಂದು ಪಟ್ಟಿ ಜಾಗ ಇದೆ. ಮಕ್ಕಳು ಅದನ್ನು ಕಂಡುಹಿಡಿದರು.

ಒಂದು ಭಾನುವಾರ ಮಗಳು ಬಂದು ಚಪ್ಪಟೆ ಕಲ್ಲು ಎಲ್ಲಿ ಸಿಗುತ್ತೆ ಅಂತ ಕೇಳಿದಳು. ಶಾಲೆಯಲ್ಲಿ ಯಾರೋ ಲಗೋರಿ ಹೇಳಿಕೊಟ್ಟಿದ್ದಾರೆ. ಬೆಂಗಳೂರಿನಲ್ಲಿ ಚಪ್ಪಟೆ ಕಲ್ಲು ಎಲ್ಲಿಂದ ತರೋದು? ಮೂರನೇ ಮಹಡಿಯಲ್ಲಿ ಯಾರದೋ ಬಾತ್‌ರೂಮ್ ರಿಪೇರಿ ನಡೀತಿತ್ತು. ಒಡೆದ ಟೈಲ್ಸ್ ಮೂಟೆಯಿಂದ ಏಳು ಚೂರು ಆರಿಸಿ, ಅಂಚು ಉಜ್ಜಿ ಕೊಟ್ಟೆ. ಟೆನಿಸ್ ಚೆಂಡು ಅವರದ್ದೇ ಇತ್ತು.

ಬಾಲ್ಕನಿಯಿಂದ ನೋಡ್ತಿದ್ದೆ. ಎರಡನೇ ಮಹಡಿಯ ಬಂಗಾಳಿ ಮನೆಯ ಮಗು, ನಾಲ್ಕು ವರ್ಷ ಇರಬಹುದು, ಸೇರಿಸ್ಕೊಳ್ಳಿ ಅಂತ ರಾಗ ತೆಗೆಯಿತು. ಅದರ ಅಕ್ಕ "ದೂಧ್‌ಭಾತ್!" ಅಂದಳು. ತೆಲುಗು ಹುಡುಗನಿಗೆ ಅರ್ಥವಾಗಲಿಲ್ಲ. ವಿವರಣೆ ನಡೆಯಿತು, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. "ಓ, ಅರಟಿಪಂಡು!" ಅಂದ ಅವನು. ಮಗಳು ತಲೆ ಎತ್ತಿ ಕೂಗಿದಳು, "ಅಮ್ಮಾ, ಕನ್ನಡದಲ್ಲಿ ಏನಂತಾರೆ?"

ಹೇಳಿದೆ. ಹೇಳೋಕೆ ಅಂತ ಕೆಳಗೇ ಹೋದೆ, ನಿಜ ಹೇಳಬೇಕಂದ್ರೆ. ಒಂದು ಕಡೆ ಒಬ್ಬರು ಕಮ್ಮಿ ಇದ್ದರು. ಆ ಅಕ್ಕ ನನ್ನನ್ನೂ ನನ್ನ ಚಪ್ಪಲಿಯನ್ನೂ ಒಮ್ಮೆ ನೋಡಿ, "ಆಂಟಿ ಬರಬಹುದಾ?" ಅಂತ ಮಗಳನ್ನು ಕೇಳಿದಳು. ಮಗಳು ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ಯೋಚಿಸಿದಳು.

"ಬರ್ಲಿ" ಅಂದಳು. "ಆದ್ರೆ ಅಮ್ಮ ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಚಪ್ಪಲಿ ಬಿಟ್ಟೆ. ಕಾಂಕ್ರೀಟ್ ನೆಲ ಇನ್ನೂ ಬಿಸಿ ಇತ್ತು. ಮಂಡಿ ಹಿಡಿದುಕೊಂಡು ಬಗ್ಗಿ ಐದನೇ ಟೈಲ್ಸ್ ಇಟ್ಟೆ, ಆರನೆಯದು ಇಟ್ಟೆ. ಏಳನೆಯದು ಕೈಯಲ್ಲಿರುವಾಗ ಬೆನ್ನಿಗೆ ಚೆಂಡು ಬಿತ್ತು. ಅಷ್ಟೇನೂ ಜೋರಾಗಲ್ಲ. ಹಳೇ ಅಭ್ಯಾಸಕ್ಕೆ ಟೈಲ್ಸ್ ಕೆಳಗಿಟ್ಟು ಪಕ್ಕಕ್ಕೆ ನಡೆದೆ.

"ಆಂಟೀ, ಎಲ್ಲಿಗೆ?" ತೆಲುಗು ಹುಡುಗ ಹಿಂದಿನಿಂದ ಕೂಗಿದ. "ನೀವು ಔಟ್ ಆಗಲ್ಲ! ಚೆಂಡು ಕಾರಿನ ಕೆಳಗೆ ಹೋಯ್ತು, ತಗೊಂಡ್ ಬನ್ನಿ."